ಕತ್ತಲಲ್ಲಿ ಕುಳಿತ ಅಜ್ಜಿಗೆ ಲಾಗರಿದಮ್

ಶಾಲೆಯಲ್ಲಿ ಲಾಗ್ ಟೇಬಲಿನ ಪುಟ ಮಗುಚಿದ್ದು ನೆನಪಿದೆಯಲ್ಲ? ಅದೇ ಲೆಕ್ಕ ಬ್ಲೆಂಡರ್ ಎಂಬ ಉಚಿತ ಕಂಪ್ಯೂಟರ್ ತಂತ್ರಾಂಶದಲ್ಲಿ ಚಿತ್ರ ತಿದ್ದಲು ಒದಗುತ್ತದೆ. ಅಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಚೌಕ. ಅದಕ್ಕೆ ನೋಡ್ ಎಂದು ಹೆಸರು. ಗೆರೆ ಎಳೆದು ಒಂದಕ್ಕೊಂದು ಜೋಡಿಸುತ್ತಾ ಹೋಗಬೇಕು.

ರಾತ್ರಿಯ ದೃಶ್ಯ. ದೀಪದ ಬೆಳಕು 1024, ಮೂಲೆಯಲ್ಲಿ ಕುಳಿತ ಅಜ್ಜಿಯ ಮುಖದ್ದು 4 ಎನ್ನಿ. ಪರದೆಗೆ ಬೇಕಾದದ್ದು 0ಯಿಂದ 1ರೊಳಗಿನ ಅಂಕಿ. ಎಲ್ಲವನ್ನೂ 1024ರಿಂದ ಭಾಗಿಸಿದರೆ ಮುಖಕ್ಕೆ ಉಳಿಯುವುದು ಸುಮಾರು 0.004. ಅಜ್ಜಿ ಮಾಯ! ಬದಲಿಗೆ ಮ್ಯಾತ್ ನೋಡಿನಲ್ಲಿ ಲಾಗರಿದಮ್ ಆರಿಸಿ, ಬೇಸ್ 2 ಕೊಡಿ. ಬೆಳಕು ಇಮ್ಮಡಿಯಾದಾಗಲೆಲ್ಲ ಒಂದೇ ಮೆಟ್ಟಿಲು ಏರುತ್ತದೆ: 4ಕ್ಕೆ 2, 1024ಕ್ಕೆ 10. ಮುಂದಿನ ನೋಡಿನಲ್ಲಿ 10ರಿಂದ ಭಾಗಿಸಿದರೆ ಮುಖಕ್ಕೆ 0.2 ಸಿಕ್ಕಿತು. ಈಗ ಅಜ್ಜಿ ಕಾಣುತ್ತಾರೆ.

ಒಂದು ಎಚ್ಚರಿಕೆ. ಸೊನ್ನೆಗೆ ಲಾಗ್ ಇಲ್ಲ. ಬ್ಲೆಂಡರ್ ತಕರಾರು ಮಾಡದೆ 0 ಎಂದೇ ಕೊಟ್ಟುಬಿಡುತ್ತದೆ. ಆದರೆ 0.5ಕ್ಕೆ ಬರುವುದು ಋಣ 1. ಕಡುಗಪ್ಪು ಮಬ್ಬಿಗಿಂತ ಮೇಲೆ ಕುಳಿತ ವಿಚಿತ್ರ ಇದು! ಆದ್ದರಿಂದ ಲಾಗಿಗೆ ಮೊದಲು ಮ್ಯಾಕ್ಸಿಮಮ್ ನೋಡ್ ಜೋಡಿಸಿ, ಅದರಲ್ಲಿ 1 ಇಡಿ. ಮ್ಯಾತ್ ನೋಡ್ ಒಮ್ಮೆಗೆ ಒಂದೇ ಅಂಕಿ ಹಿಡಿಯುವುದರಿಂದ, ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿಗಳನ್ನು ಬಿಡಿಸಿ ಮೂರಕ್ಕೂ ಹೀಗೆಯೇ ಮಾಡಬೇಕು. ಬಣ್ಣ ತುಸು ಪೇಲವವಾದೀತು.