ಕಂಬ ಹತ್ತುವುದೂ ಪಾಠ, ಬ್ಯಾಂಜೋ ನುಡಿಸುವುದೂ ಪಾಠ

ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು, ಸೊಂಟದ ಪಟ್ಟಿಯನ್ನು ಕಂಬಕ್ಕೆ ಬಳಸಿ, ಒಂದೊಂದೇ ಹೆಜ್ಜೆ ಮೇಲೇರಬೇಕು. ತುದಿಯಲ್ಲಿ ಹೇಳಿದ ಕೆಲಸ ಮುಗಿಸಿ ಇಳಿಯಬೇಕು. ಇದು ಒಂದು ಕಾಲೇಜಿನ ಪಾಠ. ಅದೇ ಕಾಲೇಜಿನ ಪಕ್ಕದೂರಿನ ಶಾಖೆಯಲ್ಲಿ ಪಾಠವೆಂದರೆ ಬ್ಯಾಂಜೋ ನುಡಿಸುವುದು. ಇನ್ನೊಂದು ಕಟ್ಟಡದಲ್ಲಿ ನರ್ಸಿಂಗ್, ಮತ್ತೊಂದರಲ್ಲಿ ಡೀಸೆಲ್ ಎಂಜಿನ್ ರಿಪೇರಿ, ಅದರಾಚೆ ಬೀಜಗಣಿತ ಮತ್ತು ಇಂಗ್ಲಿಷ್ ಪ್ರಬಂಧ. ಎಲ್ಲರ ಅಂಕಪಟ್ಟಿಯ ಮೇಲೂ ಒಂದೇ ಹೆಸರು: ಹ್ಯಾಜರ್ಡ್ ಕಮ್ಯುನಿಟಿ ಅಂಡ್ ಟೆಕ್ನಿಕಲ್ ಕಾಲೇಜ್.

ಅಮೆರಿಕವೆಂದರೆ ನಮಗೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂ.ಎಸ್. ಮಾಡಲು ಹೋಗುವ ದೊಡ್ಡ ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳು. ಆದರೆ ಆ ದೇಶದ ಹಳ್ಳಿಗಾಡಿನ ಬಹಳ ಮಂದಿ ಓದುವುದು ಇಂಥ ಕಾಲೇಜುಗಳಲ್ಲಿ. ಅವುಗಳ ಹೆಸರು ನಾವು ನೋಡುವ ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಬರುವುದಿಲ್ಲ, ನಮ್ಮ ಕಿವಿಗೂ ಬೀಳುವುದಿಲ್ಲ.

ಹ್ಯಾಜರ್ಡ್ ಇರುವುದು ಕೆಂಟಕಿ ರಾಜ್ಯದ ಆಗ್ನೇಯ ಭಾಗದಲ್ಲಿ, ಅಪಲೇಚಿಯನ್ ಬೆಟ್ಟಗಳ ನಡುವೆ. ಪೆರಿ ಕೌಂಟಿಯ ಆಡಳಿತ ಕೇಂದ್ರ. ಜನಸಂಖ್ಯೆ ಐದು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಗ್ರಾಮ ಪಂಚಾಯಿತಿಯಷ್ಟು. ದೊಡ್ಡ ಊರೆನ್ನುವ ಲೆಕ್ಸಿಂಗ್ಟನ್ನಿಗೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಬೆಟ್ಟದ ಸಂದಿಯ ಕಿರುಕಣಿವೆಗಳಿಗೆ ಅಲ್ಲಿನವರು ‘ಹಾಲರ್’ ಅನ್ನುತ್ತಾರೆ. ಒಂದೊಂದು ಹಾಲರಿನಲ್ಲಿ ಒಂದು ಹಳ್ಳ, ಹಳ್ಳದ ಪಕ್ಕ ಒಂದು ರಸ್ತೆ, ರಸ್ತೆಗೆ ಅಂಟಿದಂತೆ ಹತ್ತಿಪ್ಪತ್ತು ಮನೆ. ನೆಲ ಸಮತಟ್ಟಾಗಿರುವ ಕಡೆ ನೀರೂ ನುಗ್ಗುತ್ತದೆ. 2022ರ ಜುಲೈ ಕೊನೆಯಲ್ಲಿ ಒಂದೇ ರಾತ್ರಿಯ ಮಳೆಗೆ ಈ ಸೀಮೆಯ ಹಳ್ಳಗಳು ಉಕ್ಕಿ ನಲವತ್ತಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿಗೆ ರೈಲು ಬಂದದ್ದು 1912ರಲ್ಲಿ. ಬಂದದ್ದು ಜನರನ್ನು ಕರೆದೊಯ್ಯಲು ಅಲ್ಲ, ಕಲ್ಲಿದ್ದಲನ್ನು ಹೊತ್ತೊಯ್ಯಲು. ಅಲ್ಲಿಂದ ಮುಂದೆ ಮೂರು ತಲೆಮಾರಿನ ಬದುಕು ಗಣಿಯ ಬಾಯಲ್ಲೇ ಕಳೆಯಿತು. ಸಂಬಳ ಒಳ್ಳೆಯದಿತ್ತು, ಅದಕ್ಕೆ ಓದು ಬೇಕಿರಲಿಲ್ಲ. ಯಂತ್ರಗಳು ಬಂದು ಕೈಗಳು ಕಡಿಮೆ ಬೇಕಾದಾಗ ಬಡತನ ಎದ್ದು ಕಂಡಿತು. 1968ರ ಫೆಬ್ರುವರಿಯಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಈ ಬೆಟ್ಟಗಳ ಹಸಿವನ್ನು ಕಣ್ಣಾರೆ ನೋಡಲು ಬಂದು ಹ್ಯಾಜರ್ಡಿನಲ್ಲೂ ಓಡಾಡಿದರು. ಅದೇ ವರ್ಷ ಇಲ್ಲಿ ಕಾಲೇಜು ತೆರೆಯಿತು. ಆಗ ಅದು ಕೆಂಟಕಿ ವಿಶ್ವವಿದ್ಯಾಲಯದ ಕೈಕೆಳಗಿನ ಎರಡು ವರ್ಷದ ಕಾಲೇಜು. ಕೈಕಸುಬು ಕಲಿಸುವ ಸರ್ಕಾರಿ ಶಾಲೆ ಬೇರೆಯೇ ಇತ್ತು. ಪುಸ್ತಕದವರು ಒಂದು ಕಡೆ, ಸ್ಪ್ಯಾನರಿನವರು ಇನ್ನೊಂದು ಕಡೆ.

ಈ ಗೋಡೆಯನ್ನು ಒಡೆದದ್ದು 1997ರ ಒಂದು ಕಾನೂನು. ಆಗಿನ ಗವರ್ನರ್ ಪಾಲ್ ಪ್ಯಾಟನ್ ಸ್ವತಃ ಪೂರ್ವ ಕೆಂಟಕಿಯ ಕಲ್ಲಿದ್ದಲು ವ್ಯಾಪಾರದಿಂದ ಬಂದವರು. ವಿಶ್ವವಿದ್ಯಾಲಯದವರ ಜೋರು ವಿರೋಧದ ನಡುವೆಯೂ ಅವರು ಕಮ್ಯುನಿಟಿ ಕಾಲೇಜುಗಳನ್ನು ಅದರ ಕೈಯಿಂದ ಬಿಡಿಸಿ, ರಾಜ್ಯದ ತಾಂತ್ರಿಕ ಶಾಲೆಗಳ ಜೊತೆ ಕೂಡಿಸಿ, ಹೊಸದೊಂದು ವ್ಯವಸ್ಥೆ ಕಟ್ಟಿದರು. ಈಗ ಅದರಡಿ ಹದಿನಾರು ಕಾಲೇಜುಗಳಿವೆ. ‘ಕಮ್ಯುನಿಟಿ ಅಂಡ್ ಟೆಕ್ನಿಕಲ್’ ಎಂಬ ಉದ್ದ ಹೆಸರು ಬಂದದ್ದು ಹೀಗೆ. ರಾಜಕೀಯವಾಗಿ ಅದು ದೊಡ್ಡ ಜಗಳ. ನನ್ನ ಪ್ರಕಾರ ಆ ಗವರ್ನರ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಮೊದಲನೆಯದು.

ಎರಡು ವರ್ಷದ ಕಾಲೇಜೆಂಬ ಕಲ್ಪನೆ ಹಳೆಯದು. 1901ರಲ್ಲಿ ಶಿಕಾಗೊ ಬಳಿಯ ಜೋಲಿಯೆಟ್‌ನಲ್ಲಿ ಮೊದಲ ಸಾರ್ವಜನಿಕ ಕಾಲೇಜು ಹುಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ, ಮನೆಯಿಂದಲೇ ಹೋಗಿ ಬರುವಷ್ಟು ಹತ್ತಿರದಲ್ಲಿ ಇಂಥ ಕಾಲೇಜು ಇರಬೇಕೆಂದು ಹೇಳಿದ ಮೇಲೆ ಅವು ದೇಶದ ತುಂಬ ಹಬ್ಬಿದವು. ಪ್ರವೇಶಕ್ಕೆ ಪೈಪೋಟಿಯಿಲ್ಲ. ಹೈಸ್ಕೂಲು ಮುಗಿಸಿದ್ದರೆ ಸಾಕು, ಮುಗಿಸದವರು ಜಿ.ಇ.ಡಿ. ಎಂಬ ಸಮಾನ ಪರೀಕ್ಷೆ ಬರೆದು ಬರಬಹುದು. ವಯಸ್ಸು ಕೇಳುವವರಿಲ್ಲ. ಹದಿನಾರರ ಹೈಸ್ಕೂಲು ಹುಡುಗಿ ಮುಂಚಿತವಾಗಿ ಕಾಲೇಜಿನ ಕ್ರೆಡಿಟ್ ಗಳಿಸಲು ಬಂದಿರುತ್ತಾಳೆ. ಪಕ್ಕದ ಬೆಂಚಿನಲ್ಲಿ ಅವಳ ತಾಯಿಯ ವಯಸ್ಸಿನವರು.

ದುಡ್ಡಿನ ಲೆಕ್ಕ ಹೀಗೆ: ಇತ್ತೀಚಿನ ವರ್ಷಗಳಲ್ಲಿ ಕೆಂಟಕಿಯವರಿಗೆ ಒಂದು ಕ್ರೆಡಿಟ್ಟಿಗೆ ಇನ್ನೂರು ಡಾಲರಿನ ಆಸುಪಾಸು. ವರ್ಷಕ್ಕೆ ಮೂವತ್ತು ಕ್ರೆಡಿಟ್ ಎಂದರೆ ಆರು ಸಾವಿರದ ಸುತ್ತಮುತ್ತ. ಬಡ ಕುಟುಂಬದವರಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನ 2024–25ರಲ್ಲಿ ಗರಿಷ್ಠ 7,395 ಡಾಲರ್. ಅದು ಸಾಲವಲ್ಲ, ಹಿಂದಿರುಗಿಸಬೇಕಿಲ್ಲ. ಶುಲ್ಕ ಕಳೆದು ಪುಸ್ತಕಕ್ಕೂ ಪೆಟ್ರೋಲಿಗೂ ಚೂರು ಉಳಿಯುತ್ತದೆ. ಬೆಟ್ಟದ ದಾರಿಯಲ್ಲಿ ಬಸ್ಸಿಲ್ಲದ ಕಡೆ ಈ ಪೆಟ್ರೋಲಿನ ಚೂರೇ ಓದು ಮುಂದುವರಿಯುವುದನ್ನೂ ನಿಲ್ಲುವುದನ್ನೂ ತೀರ್ಮಾನಿಸುತ್ತದೆ. ಹ್ಯಾಜರ್ಡ್ ಕಾಲೇಜು ಜ್ಯಾಕ್ಸನ್, ಹಿಂಡ್‌ಮನ್, ಹೈಡನ್ ಊರುಗಳಲ್ಲಿ ಶಾಖೆ ಇಟ್ಟದ್ದಕ್ಕೂ ಇದೇ ಕಾರಣ. ಜ್ಯಾಕ್ಸನ್ನಿನದು 1883ರಲ್ಲಿ ಶುರುವಾದ ಲೀಸ್ ಎಂಬ ಹಳೆಯ ಖಾಸಗಿ ಕಾಲೇಜು. 1996ರಲ್ಲಿ ಹ್ಯಾಜರ್ಡಿನೊಳಗೆ ವಿಲೀನವಾಯಿತು.

ಓದಿನ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿದೆ: ಸರ್ಟಿಫಿಕೇಟ್, ಡಿಪ್ಲೊಮಾ, ಅಸೋಸಿಯೇಟ್ ಪದವಿ. ಯಾವ ಮೆಟ್ಟಿಲಲ್ಲಿ ನಿಂತರೂ ಕೈಯಲ್ಲಿ ಕೆಲಸ ಸಿಗುವ ಕಾಗದ ಇರುತ್ತದೆ. ನರ್ಸಿಂಗ್ ನೋಡಿ. ಕೆಲವೇ ವಾರಗಳ ತರಬೇತಿ ಮುಗಿಸಿ ವೃದ್ಧಾಶ್ರಮದಲ್ಲಿ ಸಹಾಯಕಿಯಾಗಬಹುದು. ದುಡಿಯುತ್ತಲೇ ಮುಂದಿನ ಹಂತ ಓದಿ ಪ್ರಾಕ್ಟಿಕಲ್ ನರ್ಸ್ ಆಗಬಹುದು. ಅಸೋಸಿಯೇಟ್ ಪದವಿ ಪಡೆದು, ರಾಷ್ಟ್ರಮಟ್ಟದ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿದರೆ ರಿಜಿಸ್ಟರ್ಡ್ ನರ್ಸ್. ನಾಲ್ಕು ವರ್ಷದ ಪದವಿಯೇ ಬೇಕೆಂದರೆ, ಬೇರೆ ವಿಶ್ವವಿದ್ಯಾಲಯಗಳು ಇದೇ ಕ್ಯಾಂಪಸ್ಸಿಗೆ ಬಂದು ಪದವಿ ಪಾಠ ನಡೆಸುವ ಏರ್ಪಾಡೂ ಇದೆ. ಹ್ಯಾಜರ್ಡಿನಲ್ಲಿ ಗಣಿಯ ನಂತರ ದೊಡ್ಡ ಉದ್ಯೋಗದಾತ ಆಸ್ಪತ್ರೆ. ಆ ಆಸ್ಪತ್ರೆ ಕೂಡ ಗಣಿ ಕಾರ್ಮಿಕರ ಸಂಘ 1950ರ ದಶಕದಲ್ಲಿ ತನ್ನ ಸದಸ್ಯರಿಗಾಗಿ ಕಟ್ಟಿಸಿದ ಸಾಲು ಆಸ್ಪತ್ರೆಗಳಿಂದ ಬೆಳೆದದ್ದು. ನಮ್ಮವರ ಸಂಬಂಧವೂ ಇಲ್ಲಿದೆ: ಅಮೆರಿಕನ್ ಡಾಕ್ಟರುಗಳು ಬರಲೊಪ್ಪದ ಅಪಲೇಚಿಯದ ಸಣ್ಣ ಊರುಗಳ ಆಸ್ಪತ್ರೆಗಳನ್ನು ದಶಕಗಳಿಂದ ನಡೆಸಿದವರಲ್ಲಿ ಭಾರತದಿಂದ ಹೋದ ವೈದ್ಯರು ಗಣನೀಯ ಸಂಖ್ಯೆಯಲ್ಲಿದ್ದಾರೆ.

ಇನ್ನು ಕಂಬ ಹತ್ತುವವರ ವಿಷಯ. ಪೂರ್ವ ಕೆಂಟಕಿಯ ಗಣಿಗಳಲ್ಲಿ 2011ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಐದಾರು ವರ್ಷಗಳಲ್ಲಿ ಅದು ನಾಲ್ಕು ಸಾವಿರದ ಸುಮಾರಿಗೆ ಇಳಿಯಿತು. ಅಗ್ಗದ ನೈಸರ್ಗಿಕ ಅನಿಲ, ಪರಿಸರ ನಿಯಮಗಳು, ತೆಳುವಾದ ಕಲ್ಲಿದ್ದಲ ಪದರ. ಯಾವುದು ಎಷ್ಟು ಕಾರಣ ಎಂಬ ವಾದ ಇನ್ನೂ ನಿಂತಿಲ್ಲ. ಸಂಬಳ ಬರುತ್ತಿದ್ದವರು ಒಂದು ಬೆಳಗ್ಗೆ ಮನೆಯಲ್ಲಿ ಕೂತರು. ಮಕ್ಕಳಿಗೆ ಹೇಳಿಕೊಡಬೇಕಾದ ವಯಸ್ಸಿನಲ್ಲಿ ತಾವೇ ಪಾಠಕ್ಕೆ ಕೂರಬೇಕಾಯಿತು.

ಆಗ ಪೇಟೆಯ ಪತ್ರಿಕೆಗಳಿಗೆ ಪ್ರಿಯವಾದ ಕಥೆಯೆಂದರೆ ಗಣಿಯವರನ್ನು ಸಾಫ್ಟ್‌ವೇರಿನವರಾಗಿ ಮಾಡುವುದು. ಹ್ಯಾಜರ್ಡಿನಿಂದ ಬಹಳ ದೂರವಿಲ್ಲದ ಪೈಕ್‌ವಿಲ್‌ನಲ್ಲಿ ಒಂದು ಕಂಪನಿ ನಿಜಕ್ಕೂ ಹಾಗೆ ಮಾಡಿತು. ಬಂದ ಅರ್ಜಿ ಒಂಬೈನೂರಕ್ಕೂ ಮಿಕ್ಕಿ. ಸೇರಿಸಿಕೊಂಡದ್ದು ಹತ್ತು ಹನ್ನೊಂದು ಮಂದಿಯನ್ನು. ಉಳಿದವರ ಬಗ್ಗೆ ಯಾರೂ ಬರೆಯಲಿಲ್ಲ. ಆ ಉಳಿದವರಲ್ಲಿ ಎಷ್ಟೋ ಜನರಿಗೆ ದಾರಿಯಾದದ್ದು ಕಾಲೇಜಿನ ಲೈನ್‌ಮ್ಯಾನ್ ತರಬೇತಿ, ವೆಲ್ಡಿಂಗ್, ಭಾರಿ ವಾಹನ ಚಾಲನೆಯ ಲೈಸೆನ್ಸ್. ಲೈನ್‌ಮ್ಯಾನ್ ತರಬೇತಿ ತಿಂಗಳುಗಟ್ಟಲೆ ಕೂತು ಓದುವ ವಿದ್ಯೆಯಲ್ಲ, ವಾರಗಳಲ್ಲಿ ಮುಗಿಯುತ್ತದೆ. ಕತ್ತಲಲ್ಲಿ, ಇಕ್ಕಟ್ಟಿನಲ್ಲಿ, ಅಪಾಯದ ಪಕ್ಕದಲ್ಲಿ ಜೊತೆಯವನ ಮೇಲೆ ಕಣ್ಣಿಟ್ಟು ಕೆಲಸ ಮಾಡಿದವನಿಗೆ ವಿದ್ಯುತ್ ತಂತಿಯ ಶಿಸ್ತು ಹೊಸದಲ್ಲ. ನೆಲದಡಿಯಿಂದ ಕಂಬದ ತುದಿಗೆ ಬಂದ ಅಷ್ಟೇ. ನಮ್ಮಲ್ಲೂ ಕಿರಿಯ ಪವರ್‌ಮ್ಯಾನ್ ನೇಮಕಾತಿಗೆ ಕಂಬ ಹತ್ತುವ ಪರೀಕ್ಷೆ ಇದೆ. ಆದರೆ ಅಭ್ಯರ್ಥಿಗಳು ಹತ್ತುವುದನ್ನು ಕಲಿಯುವುದು ಊರ ಹೊರಗಿನ ಯಾವುದೋ ಕಂಬದಲ್ಲಿ, ತಮ್ಮಷ್ಟಕ್ಕೆ ತಾವೇ.

ಇಲ್ಲೊಂದು ಇರುಸುಮುರುಸಿನ ಸತ್ಯವಿದೆ. ಲೈನ್‌ಮ್ಯಾನ್ ಆದವನಿಗೆ ಹ್ಯಾಜರ್ಡಿನಲ್ಲೇ ಕೆಲಸ ಸಿಗಬೇಕೆಂದಿಲ್ಲ. ಚಂಡಮಾರುತ ಬೀಸಿದ ಕಡೆ, ಹೊಸ ಲೈನು ಎಳೆಯುವ ಕಡೆ ಗುತ್ತಿಗೆದಾರರ ಜೊತೆ ರಾಜ್ಯ ರಾಜ್ಯ ಸುತ್ತಬೇಕು. ಕಾಲೇಜು ವಿದ್ಯೆ ಕೊಡಬಲ್ಲದು, ಊರಲ್ಲಿ ಉದ್ಯೋಗ ಹುಟ್ಟಿಸಲಾರದು. ಈ ಕೊರತೆಯನ್ನು ಕಾಲೇಜಿನ ತಲೆಗೆ ಕಟ್ಟುವುದು ಅನ್ಯಾಯ, ಆದರೆ ಉದ್ಘಾಟನೆಯ ಭಾಷಣಗಳಲ್ಲಿ ಅದನ್ನು ಮರೆಮಾಚುವುದು ಇನ್ನೂ ದೊಡ್ಡ ಅನ್ಯಾಯ.

ನನಗೆ ಈ ಕಾಲೇಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಹೈಡನ್. ಲೆಸ್ಲಿ ಕೌಂಟಿಯ ಈ ಪುಟ್ಟ ಊರಿನಲ್ಲಿ ಕಾಲೇಜು ‘ಕೆಂಟಕಿ ಸ್ಕೂಲ್ ಆಫ್ ಬ್ಲೂಗ್ರಾಸ್ ಅಂಡ್ ಟ್ರೆಡಿಷನಲ್ ಮ್ಯೂಸಿಕ್’ ನಡೆಸುತ್ತದೆ. ಬ್ಲೂಗ್ರಾಸ್ ಎಂದರೆ ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲು, ಗಿಟಾರ್, ನಿಂತು ನುಡಿಸುವ ದೊಡ್ಡ ಬೇಸ್ ಇಷ್ಟನ್ನೇ ಇಟ್ಟುಕೊಂಡು, ಎತ್ತರದ ದನಿಯಲ್ಲಿ, ಉಸಿರು ಬಿಡದ ವೇಗದಲ್ಲಿ ಹಾಡುವ ಸಂಗೀತ. 1940ರ ದಶಕದಲ್ಲಿ ಕೆಂಟಕಿಯವನೇ ಆದ ಬಿಲ್ ಮನ್ರೋ ಅದಕ್ಕೆ ರೂಪ ಕೊಟ್ಟ. ಪಿಟೀಲಿನ ಮಟ್ಟುಗಳು ಸ್ಕಾಟ್ಲೆಂಡ್, ಐರ್ಲೆಂಡಿನಿಂದ ಬಂದ ವಲಸಿಗರವು. ಬ್ಯಾಂಜೋ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ. ಬಿಳಿಯರ ಬೆಟ್ಟದ ಹಾಡೆಂದು ಜಗತ್ತು ಭಾವಿಸಿರುವ ಇದರ ನಡುಮಧ್ಯೆಯೇ ಕರಿಯರ ವಾದ್ಯ ಕೂತಿದೆ.

ಲೆಸ್ಲಿ ಕೌಂಟಿಯಲ್ಲಿ 1931ರಲ್ಲಿ ಹುಟ್ಟಿದ ಬಾಬಿ ಆಸ್‌ಬೋರ್ನ್ ಈ ಸಂಗೀತದ ದೊಡ್ಡ ಹೆಸರು. ಕೊರಿಯಾ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕ. ತಮ್ಮ ಸನ್ನಿಯ ಜೊತೆ ಕಟ್ಟಿದ ‘ಆಸ್‌ಬೋರ್ನ್ ಬ್ರದರ್ಸ್’ ತಂಡ 1967ರಲ್ಲಿ ಧ್ವನಿಮುದ್ರಿಸಿದ ‘ರಾಕಿ ಟಾಪ್’ ಮುಂದೆ ನೆರೆಯ ಟೆನೆಸಿಯ ರಾಜ್ಯಗೀತೆಗಳಲ್ಲಿ ಒಂದಾಯಿತು. ಅಂಥ ಮನುಷ್ಯ ಇಳಿವಯಸ್ಸಿನಲ್ಲಿ ಹೈಡನ್ನಿಗೆ ಬಂದು ಕಾಲೇಜು ವಿದ್ಯಾರ್ಥಿಗಳಿಗೆ ಮ್ಯಾಂಡೊಲಿನ್ ಕಲಿಸಿದರು; 2023ರ ಜೂನಿನಲ್ಲಿ ತೀರಿಕೊಂಡರು. ಅಜ್ಜನ ಜಗುಲಿಯಲ್ಲಿ ಕೇಳಿ ಕಲಿಯುತ್ತಿದ್ದ ವಿದ್ಯೆಗೆ ಇಲ್ಲಿ ಕ್ರೆಡಿಟ್ ಉಂಟು, ಅಸೋಸಿಯೇಟ್ ಪದವಿಯೂ ಉಂಟು. ಹಾಗೆಂದು ನುಡಿಸಿದ್ದೇ ಪದವಿಯಲ್ಲ. ವೆಲ್ಡಿಂಗಿನವನಂತೆ ಬ್ಯಾಂಜೋದವನೂ ಪದವಿ ಬೇಕೆಂದರೆ ಬರವಣಿಗೆ, ಗಣಿತ, ಸಮಾಜ ವಿಜ್ಞಾನದ ಪಾಠಗಳನ್ನು ದಾಟಲೇಬೇಕು.

ನಾವು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಕಟ್ಟಿದ್ದೇವೆ, ಅದು ಹೆಮ್ಮೆಯ ಮಾತು. ಆದರೆ ಐ.ಟಿ.ಐ.ಯಲ್ಲಿ ಫಿಟ್ಟರ್ ಓದುವ ಹುಡುಗ ಅದೇ ಅಂಗಳದಲ್ಲಿ ಡೊಳ್ಳಿನ ಪಾಠಕ್ಕೂ ಹೆಸರು ಬರೆಸಬಹುದೆಂದು ನಮಗೆ ತೋಚುವುದಿಲ್ಲ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಆದ ಕೂಡಲೆ ಮಗು ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತೀರ್ಮಾನವಾಗಿಬಿಡುತ್ತದೆ, ಐ.ಟಿ.ಐ. ಸಾಲಿನಿಂದ ಬಿ.ಎ. ಸಾಲಿಗೆ ಹಾರುವುದು ಸುಲಭವಲ್ಲ, ಮೂವತ್ತೈದು ದಾಟಿದ ಮೇಲಂತೂ ಸಾಲು ಸಿಗುವುದೇ ಅಪರೂಪ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದಾಗ ಕೆಜಿಎಫ್‌ನವರಿಗೆ ಉಳಿದದ್ದು ಬೆಂಗಳೂರಿನ ರೈಲು. ಇಂದಿಗೂ ಮಾರಿಕುಪ್ಪಂನಿಂದ ಬೆಳಗಿನ ಜಾವವೇ ಹೊರಡುವ ಗಾಡಿಗಳಲ್ಲಿ ಆ ಊರು ದುಡಿಯಲು ಹೋಗಿಬರುತ್ತದೆ. ಯುಜಿಸಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಕಮ್ಯುನಿಟಿ ಕಾಲೇಜು ಯೋಜನೆಯೊಂದನ್ನು ತಂದಿತು. ಇರುವ ಕಾಲೇಜುಗಳಿಗೆ ಒಂದೆರಡು ಕೋರ್ಸು ಅಂಟಿಸಿದ್ದಕ್ಕಿಂತ ಹೆಚ್ಚೇನೂ ಅದರಿಂದ ಆಗಲಿಲ್ಲ ಎಂಬುದು ನನ್ನ ಅನಿಸಿಕೆ.

ಹ್ಯಾಜರ್ಡನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಅಮೆರಿಕದ ಕಮ್ಯುನಿಟಿ ಕಾಲೇಜುಗಳನ್ನು ಒಟ್ಟಾಗಿ ನೋಡಿದರೆ, ಸೇರಿದವರಲ್ಲಿ ಆರು ವರ್ಷದೊಳಗೆ ಏನಾದರೊಂದು ಪ್ರಮಾಣಪತ್ರ ಹಿಡಿದು ಹೊರಬರುವವರು ಹತ್ತಕ್ಕೆ ನಾಲ್ವರ ಆಸುಪಾಸು. ಅಷ್ಟು ಅವಧಿಯಲ್ಲಿ ನಾಲ್ಕು ವರ್ಷದ ಪದವಿ ಮುಟ್ಟುವವರು ಆರಕ್ಕೆ ಒಬ್ಬರು. ಕಾರು ಕೆಡುತ್ತದೆ, ಮಗುವಿಗೆ ಜ್ವರ ಬರುತ್ತದೆ, ಅಂಗಡಿಯವನು ಶಿಫ್ಟ್ ಬದಲಿಸುತ್ತಾನೆ, ಓದು ನಿಲ್ಲುತ್ತದೆ. ಎಲ್ಲರಿಗೂ ಬಾಗಿಲು ತೆರೆದಿಟ್ಟ ಸಂಸ್ಥೆಯನ್ನು ಆರಿಸಿ ಸೇರಿಸಿಕೊಳ್ಳುವ ಸಂಸ್ಥೆಯ ಪಕ್ಕ ನಿಲ್ಲಿಸಿ ಅಳೆಯುವುದು ಸರಿಯಲ್ಲ, ನಿಜ. ಆದರೂ ಒಳಬಂದವರಲ್ಲಿ ಅರ್ಧಕ್ಕರ್ಧ ಬರಿಗೈಲಿ ಹೋಗುತ್ತಾರೆಂಬ ಸಂಗತಿಯನ್ನು ಯಾವ ನೆಪವೂ ಮುಚ್ಚುವುದಿಲ್ಲ.

ಕೊನೆಗೆ, ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳಿರುವ ಓದುಗರಿಗೆ ಒಂದು ಮಾತು. ಅಲ್ಲೇ ಬೆಳೆದ ಮೊಮ್ಮಗ ಹೈಸ್ಕೂಲು ಮುಗಿಸಿ ಕಮ್ಯುನಿಟಿ ಕಾಲೇಜು ಸೇರಿದನೆಂದು ಫೋನಿನಲ್ಲಿ ಕೇಳಿದಾಗ, ನೆಂಟರಿಗೆ ಹೇಗೆ ಹೇಳುವುದೆಂದು ಮುಖ ಸಣ್ಣ ಮಾಡಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಇಂಥ ಕಾಲೇಜಿನಲ್ಲಿ ಓದಿ, ಅಲ್ಲಿಂದ ಬರ್ಕ್ಲಿಯಂಥ ವಿಶ್ವವಿದ್ಯಾಲಯಕ್ಕೆ ಮೂರನೆಯ ವರ್ಷಕ್ಕೆ ಹೋಗುವವರು ಬೇಕಾದಷ್ಟಿದ್ದಾರೆ, ಅದೂ ಬಹಳ ಕಡಿಮೆ ಖರ್ಚಿನಲ್ಲಿ. ಅವನನ್ನು ಎರಡೇ ಪ್ರಶ್ನೆ ಕೇಳಿ: ಯಾವ ಕೋರ್ಸು, ಅದರ ಕ್ರೆಡಿಟ್ಟನ್ನು ಮುಂದೆ ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ? ಎರಡಕ್ಕೂ ಅವನ ಬಳಿ ನೇರ ಉತ್ತರ ಇದ್ದರೆ, ಶುಲ್ಕಕ್ಕೆ ಸಾಲ ಮಾಡದೆ ಓದುತ್ತಿದ್ದಾನೆಂದು ಸಂತೋಷಪಡಿ.