ಇಳಿದ ತೂಕ ಮತ್ತೆ ಏರುವುದೇಕೆ?

ದೇಹದ ಭಾರವನ್ನು ಇಳಿಸುವುದಕ್ಕಾಗಿ ಜಠರದ ಮೇಲೆ ಶಸ್ತ್ರಕ್ರಿಯೆ ನಡೆಸುವುದು ನಮ್ಮ ನಾಡಿಗೆ ಈಗ ಹೊಸ ಸಂಗತಿಯಲ್ಲ. ಬೆಂಗಳೂರಿನಂಥ ನಗರಗಳ ಆಸ್ಪತ್ರೆಗಳಲ್ಲಿ ಅದು ರೂಢಿಯ ಚಿಕಿತ್ಸೆಯಾಗಿದೆ. ಅದರ ಅಗತ್ಯವೂ ಬೆಳೆಯುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹೆಚ್ಚುಕಡಿಮೆ ಹತ್ತು ಜನರಲ್ಲಿ ಮೂವರ ತೂಕ ಇರಬೇಕಾದುದಕ್ಕಿಂತ ಅಧಿಕವಾಗಿತ್ತು. ಇವರೆಲ್ಲರಿಗೂ ಶಸ್ತ್ರಕ್ರಿಯೆ ಬೇಕೆಂದಲ್ಲ. ಬೊಜ್ಜು ತೀರ ಮಿತಿಮೀರಿ, ಅದರಿಂದ ಮಧುಮೇಹವೇ ಮೊದಲಾದ ರೋಗಗಳು ಉಂಟಾದವರಿಗೆ ವೈದ್ಯರು ಅದನ್ನು ಸೂಚಿಸುತ್ತಾರೆ.

ಶಸ್ತ್ರಕ್ರಿಯೆಯಾದ ಮೊದಲ ಒಂದೆರಡು ವರ್ಷಗಳಲ್ಲಿ ತೂಕವು ನೋಡಿದವರು ಬೆರಗಾಗುವಂತೆ ಇಳಿಯುತ್ತದೆ. ಆದರೆ ನಾಲ್ಕೈದು ವರ್ಷಗಳು ಕಳೆಯುವಷ್ಟರಲ್ಲಿ ಅನೇಕರ ಪಾಲಿಗೆ ತಕ್ಕಡಿಯ ಮುಳ್ಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯತೊಡಗುತ್ತದೆ. ಆಗ ನೆಂಟರಿಷ್ಟರು ಆಡುವ ಮಾತು ಒಂದೇ: “ಅಷ್ಟು ಹಣ ಸುರಿದು ಹೊಟ್ಟೆ ಕೊಯ್ಯಿಸಿಕೊಂಡರೂ ಬಾಯಿ ಕಟ್ಟಲಿಲ್ಲ.” ಈ ಮಾತಿಗೆ ನಾಚಿ ಎಷ್ಟೋ ಮಂದಿ ವೈದ್ಯರ ಬಳಿಗೆ ಹೋಗುವುದನ್ನೇ ಬಿಡುತ್ತಾರೆ. ನಿಜವಾದ ಅಪಾಯ ಆರಂಭವಾಗುವುದು ಅಲ್ಲಿಂದ. ಆದುದರಿಂದ ಈ ಏರಿಕೆಗೆ ಕಾರಣವೇನೆಂಬುದನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರಿಸುವುದು ಅವಶ್ಯ.

ಕೆರೆಯೂ ನೀರಗಂಟಿಯೂ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿರುವ ಧರ್ಮಪುರವು ಮಳೆ ಕಡಿಮೆ ಬೀಳುವ ಸೀಮೆಯ ಊರು. ಅಲ್ಲಿ ಹಳೆಯ ಕಾಲದ ದೊಡ್ಡ ಕೆರೆಯೊಂದಿದೆ. ಅದೇ ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ನೀರನ್ನು ಕೂಡಿಡುವುದೇ ಬಾಳಿನ ನೀತಿ. ಹಿಂದೆ ಕೆರೆಯ ತೂಬನ್ನು ತೆರೆಯುವ, ಮುಚ್ಚುವ ಹೊಣೆ ನೀರಗಂಟಿಯದಾಗಿತ್ತು. ಕೆರೆಯ ನೀರು ಇಳಿದಂತೆ ಅವನು ತೂಬನ್ನು ಕಿರಿದುಮಾಡಿ, ಇದ್ದ ನೀರನ್ನು ಹೆಚ್ಚು ದಿನ ಬರುವಂತೆ ನೋಡಿಕೊಳ್ಳುತ್ತಿದ್ದನು.

ನಮ್ಮ ದೇಹದ ಮೇದಸ್ಸು, ಅಂದರೆ ಕೊಬ್ಬು, ಇಂಥದೇ ಒಂದು ಕೆರೆ. ಆಹಾರ ಅದಕ್ಕೆ ಬಂದು ಸೇರುವ ನೀರು. ಉಸಿರಾಟ, ಹೃದಯದ ಬಡಿತ, ನಡಿಗೆ, ದುಡಿಮೆ ಇವುಗಳಿಗೆ ವೆಚ್ಚವಾಗುವ ಶಕ್ತಿ ತೂಬಿನಿಂದ ಹರಿದುಹೋಗುವ ನೀರು. ಮೆದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಅಂಗವೇ ಇಲ್ಲಿನ ನೀರಗಂಟಿ. ಕೆರೆಯಲ್ಲಿ ಎಷ್ಟು ಸಂಗ್ರಹವಿದೆ ಎಂಬ ವರದಿಯನ್ನು ಅದಕ್ಕೆ ಮುಟ್ಟಿಸುವ ದೂತರೂ ಉಂಟು. ಮೇದೋಕೋಶಗಳಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬುದನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಜಠರದಲ್ಲಿ ಗುರುತಿಸಿದರು. ಮೇದಸ್ಸು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಊಟ ಕಡಿಮೆಮಾಡಿ ತೂಕ ಇಳಿಸಿದರೆ ಗ್ರೆಲಿನ್ ಏರುತ್ತದೆ. ಎರಡರ ಸಂದೇಶವೂ ಒಂದೇ: “ಕೆರೆ ಬತ್ತುತ್ತಿದೆ, ಹಸಿವನ್ನು ಹೆಚ್ಚಿಸು, ತೂಬನ್ನು ಬಿಗಿಮಾಡು.”

ಈ ಏರ್ಪಾಡು ಅರ್ಥವಿಲ್ಲದ್ದಲ್ಲ. 1876–78ರಲ್ಲಿ ಮೈಸೂರು ಸೀಮೆಯನ್ನು ಹಾಳುಗೆಡವಿದ ಧಾತು–ಈಶ್ವರ ಸಂವತ್ಸರಗಳ ಕ್ಷಾಮದಂಥ ಕಾಲದಲ್ಲಿ, ಮೇದಸ್ಸನ್ನು ಬಿಗಿಹಿಡಿದು ಮಿತವಾಗಿ ವೆಚ್ಚಮಾಡುವ ದೇಹಕ್ಕೆ ಉಳಿದುಕೊಳ್ಳುವ ಅವಕಾಶ ಹೆಚ್ಚಾಗಿದ್ದಿರಬೇಕು. ಆದರೆ ಮಣ್ಣಿನ ಕೆರೆಗೂ ದೇಹದ ಕೆರೆಗೂ ಒಂದು ಭೇದವಿದೆ. ಮಣ್ಣಿನ ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ದೇಹದ ಕೆರೆಗೆ ಅಂಥ ಕೋಡಿಯಿಲ್ಲ. ನೀರು ಬಂದಂತೆಲ್ಲ ಏರಿಯೇ ಎತ್ತರವಾಗುತ್ತ ಹೋಗುತ್ತದೆ. ನೀರಗಂಟಿಯು ಆ ಹೊಸ ಮಟ್ಟವನ್ನೇ ಸರಿಯಾದ ಮಟ್ಟವೆಂದು ತಿಳಿದು, ಅದನ್ನು ಕಾಯತೊಡಗುತ್ತಾನೆ.

ಶಸ್ತ್ರಕ್ರಿಯೆಯ ಕೆಲಸ

ಇಂದು ಹೆಚ್ಚಾಗಿ ನಡೆಯುವ ಶಸ್ತ್ರಕ್ರಿಯೆಗಳು ಎರಡು. ಮೊದಲನೆಯದರಲ್ಲಿ ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಸಣ್ಣ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಎರಡನೆಯದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಸುವ ಚಿಕ್ಕ ಚೀಲವನ್ನು ಬೇರ್ಪಡಿಸಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಇದಕ್ಕೆ ಗ್ಯಾಸ್ಟ್ರಿಕ್ ಬೈಪಾಸ್ ಎಂದು ಹೆಸರು. 1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಇದರ ಮೂಲರೂಪವನ್ನು ಆರಂಭಿಸಿದರು.

ಚೀಲ ಚಿಕ್ಕದಾದುದರಿಂದ ಊಟ ಕಡಿಮೆಯಾಯಿತು ಎಂಬುದು ಅರ್ಧ ಸತ್ಯ ಮಾತ್ರ. ಗ್ರೆಲಿನನ್ನು ಹೆಚ್ಚಾಗಿ ಉತ್ಪಾದಿಸುವ ಜಠರದ ಮೇಲ್ಭಾಗವು ಮೊದಲನೆಯ ಶಸ್ತ್ರಕ್ರಿಯೆಯಲ್ಲಿ ಹೊರಟುಹೋಗುತ್ತದೆ. ಎರಡರಲ್ಲಿಯೂ ಆಹಾರವು ಕರುಳಿಗೆ ಬೇಗ ಇಳಿಯುವುದರಿಂದ, ತೃಪ್ತಿಯನ್ನು ಸೂಚಿಸುವ ಜಿ.ಎಲ್.ಪಿ.-1 ಮುಂತಾದ ಹಾರ್ಮೋನುಗಳು ಊಟದ ತರುವಾಯ ಹೆಚ್ಚಾಗಿ ಸ್ರವಿಸುತ್ತವೆ. ಎಂದರೆ, ಶಸ್ತ್ರಕ್ರಿಯೆಯು ಕಾಲುವೆಯನ್ನು ಕಿರಿದುಮಾಡುವುದಷ್ಟೇ ಅಲ್ಲದೆ ನೀರಗಂಟಿಯನ್ನೂ ಒಂದಿಷ್ಟು ಒಲಿಸಿಕೊಳ್ಳುತ್ತದೆ. ಆದರೆ ಆ ಒಲುಮೆ ಪೂರ್ಣವಾದುದಲ್ಲ, ಶಾಶ್ವತವಾದುದೂ ಅಲ್ಲ.

ಲೆಕ್ಕ ಏನು ಹೇಳುತ್ತದೆ?

1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಒಂದು ದೀರ್ಘ ಅಧ್ಯಯನದಲ್ಲಿ ಶಸ್ತ್ರಕ್ರಿಯೆಗೆ ಒಳಗಾದ 2010 ಮಂದಿಯನ್ನೂ ಸಾಮಾನ್ಯ ಚಿಕಿತ್ಸೆ ಪಡೆದ 2037 ಮಂದಿಯನ್ನೂ ಹಲವು ವರ್ಷಗಳ ಕಾಲ ಗಮನಿಸಲಾಯಿತು. ಗ್ಯಾಸ್ಟ್ರಿಕ್ ಬೈಪಾಸ್ ಆದವರ ತೂಕ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ಇಳಿದಿತ್ತು. ಹತ್ತನೆಯ ವರ್ಷದಲ್ಲಿ ಈ ಇಳಿತ ಶೇಕಡ 25 ಆಗಿತ್ತು. 120 ಕಿಲೋಗ್ರಾಂ ತೂಕದ ಒಬ್ಬರನ್ನು ಊಹಿಸಿಕೊಳ್ಳೋಣ. ಅವರ ತೂಕ ಮೊದಲು ಸುಮಾರು 82ಕ್ಕೆ ಇಳಿದು, ಹತ್ತು ವರ್ಷಗಳ ಹೊತ್ತಿಗೆ 90ಕ್ಕೆ ಏರಿರುತ್ತದೆ. ಮನೆಯವರ ಕಣ್ಣಿಗೆ ಬೀಳುವುದು ಮರಳಿ ಬಂದ 8 ಕಿಲೋಗ್ರಾಂ. ಇನ್ನೂ ಮರಳದೆ ಉಳಿದ 30 ಕಿಲೋಗ್ರಾಂ ಯಾರ ಕಣ್ಣಿಗೂ ಬೀಳುವುದಿಲ್ಲ! ಇದು ಸರಾಸರಿ ಲೆಕ್ಕ. ಕೆಲವರಿಗೆ ಏರಿಕೆ ಇದಕ್ಕಿಂತ ಕಡಿಮೆ, ಕೆಲವರಿಗೆ ಬಹಳ ಹೆಚ್ಚು.

ಏರಿಕೆಯ ಕಾರಣಗಳು

ಮೊದಲನೆಯದು, ಬಿಗಿಯಾದ ತೂಬು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವ-ಇಚ್ಛೆಯಿಂದ ಮುಂದೆ ಬಂದ 36 ತರುಣರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಅವರ ತೂಕದ ಕಾಲುಭಾಗ ಇಳಿಯಿತು. ಜೊತೆಗೆ ದೇಹವು ಶಕ್ತಿಯನ್ನು ವೆಚ್ಚಮಾಡುವ ವೇಗವೂ ಕುಗ್ಗಿತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪಥ್ಯ ಮತ್ತು ಕಠಿಣ ವ್ಯಾಯಾಮದಿಂದ ತೂಕ ಇಳಿಸಿಕೊಂಡಿದ್ದ 14 ಜನರನ್ನು ಆರು ವರ್ಷಗಳ ತರುವಾಯ ಪರೀಕ್ಷಿಸಿದರು. ತೂಕದ ಬಹುಭಾಗ ಮರಳಿ ಬಂದಿದ್ದರೂ ವಿಶ್ರಾಂತಿಯಲ್ಲಿ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿಯು ನಿರೀಕ್ಷಿಸಿದ್ದಕ್ಕಿಂತ ದಿನಕ್ಕೆ ಸುಮಾರು 500 ಕೆಲೊರಿಗಳಷ್ಟು ಕಡಿಮೆಯೇ ಇತ್ತು. ಇವರಾರೂ ಶಸ್ತ್ರಕ್ರಿಯೆಯಾದವರಲ್ಲ, ಆದರೂ ತೂಕ ಇಳಿದ ದೇಹ ಎಷ್ಟು ಜಿಪುಣವಾಗಬಲ್ಲದೆಂಬುದಕ್ಕೆ ಇವು ಸಾಕ್ಷಿ. ಶಸ್ತ್ರಕ್ರಿಯೆಯ ನಂತರ ಕೊಬ್ಬಿನ ಜೊತೆಗೆ ಸ್ನಾಯುಗಳೂ ಕರಗುವುದರಿಂದ ಶಕ್ತಿಯ ವೆಚ್ಚ ಇನ್ನೂ ತಗ್ಗುತ್ತದೆ.

ಎರಡನೆಯದು, ಬರಿದಾದರೂ ಅಳಿಯದ ಕೆರೆಯಂಗಳ. 1955ರಿಂದ 1963ರವರೆಗೆ ನಡೆದ ಅಣುಬಾಂಬಿನ ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ಕಾರ್ಬನ್-14 ಹೆಚ್ಚಾಗಿ, ಆಮೇಲೆ ವರ್ಷವರ್ಷಕ್ಕೂ ತಗ್ಗುತ್ತ ಬಂದಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ನಮಗೆ ಬರುವ ಈ ಕಾರ್ಬನ್ನು, ಜೀವಕೋಶ ಹುಟ್ಟಿದ ಕಾಲದ ಗುರುತಾಗಿ ಅದರ ಡಿ.ಎನ್.ಎ.ಯಲ್ಲಿ ಉಳಿಯುತ್ತದೆ. ಈ ಗುರುತನ್ನು ಅಳೆದು, ಸ್ಟಾಕ್‌ಹೋಮಿನ ಕರೋಲಿನ್ಸ್ಕ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಮೇದೋಕೋಶಗಳ ಆಯುಷ್ಯವನ್ನು ಲೆಕ್ಕಹಾಕಿದರು. ವರ್ಷಕ್ಕೆ ಸುಮಾರು ಶೇಕಡ 10ರಷ್ಟು ಕೋಶಗಳು ಸತ್ತು, ಅಷ್ಟೇ ಹೊಸವು ಹುಟ್ಟುತ್ತವೆ. ಶಸ್ತ್ರಕ್ರಿಯೆಯಾಗಿ ಎರಡು ವರ್ಷ ಕಳೆದವರಲ್ಲಿ ಕೋಶಗಳು ಸಣ್ಣವಾಗಿದ್ದವೇ ಹೊರತು ಅವುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ! ನೀರು ಇಳಿದ ಕೆರೆಯಂತೆ ಅವು ಮುಂದಿನ ಮಳೆಯನ್ನು ಕಾಯುತ್ತಿರುತ್ತವೆ.

ಮೂರನೆಯದು, ಜಠರದಲ್ಲಾಗುವ ಬದಲಾವಣೆ. ಉಳಿದ ಕೊಳವೆ ಕಾಲಕ್ರಮದಲ್ಲಿ ಹಿಗ್ಗಬಹುದು. ಚೀಲಕ್ಕೂ ಕರುಳಿಗೂ ನಡುವಣ ದ್ವಾರ ಅಗಲವಾಗಬಹುದು. ಆಗ ಬೇಗ ಹೊಟ್ಟೆ ತುಂಬುವ ಅನುಭವ ಕುಂದುತ್ತದೆ.

ನಾಲ್ಕನೆಯದು, ಆಹಾರದ ಬಗೆ. ಚಿಕ್ಕ ಜಠರವು ಗಟ್ಟಿ ಊಟವನ್ನು ತಡೆಯಬಲ್ಲದೇ ಹೊರತು, ಸಕ್ಕರೆ ಹಾಕಿದ ಕಾಫಿ, ಹಣ್ಣಿನ ರಸ, ಐಸ್‌ಕ್ರೀಮು, ಬಾಯಲ್ಲಿ ಕರಗುವ ಮೈಸೂರು ಪಾಕುಗಳನ್ನು ತಡೆಯಲಾರದು. ಊಟ ಕಡಿಮೆಯಾದರೂ ಹಗಲೆಲ್ಲ ಒಂದೊಂದು ಹಿಡಿ ಕುರುಕಲು ತಿನ್ನುತ್ತಿದ್ದರೆ ಕಾಲುವೆ ಮತ್ತೆ ತುಂಬಿ ಹರಿಯುತ್ತದೆ. ಇವಲ್ಲದೆ ಕೆಲವು ಔಷಧಗಳು, ಥೈರಾಯಿಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ನಿದ್ರೆಯ ಕೊರತೆ ಇವೂ ತೂಕವನ್ನು ಏರಿಸಬಲ್ಲವು.

ಈ ನಾಲ್ಕರಲ್ಲಿ ಮನುಷ್ಯನ ಇಚ್ಛೆಗೆ ನೇರವಾಗಿ ಒಳಪಟ್ಟದ್ದು ಕೊನೆಯದರ ಒಂದು ಭಾಗ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು.

ಮಾಡತಕ್ಕದ್ದೇನು?

ತೂಕ ಏರತೊಡಗಿದ ಕೂಡಲೆ ವೈದ್ಯರನ್ನು ಕಾಣುವುದು ಮೊದಲ ಕರ್ತವ್ಯ. ಶಸ್ತ್ರಕ್ರಿಯೆಯಾದವರು ಬಾಳಿನುದ್ದಕ್ಕೂ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಕಬ್ಬಿಣ, ಕ್ಯಾಲ್ಸಿಯಂ, ಬಿ-12, ಡಿ ಜೀವಸತ್ವ ಇವುಗಳ ಕೊರತೆ ತೂಕ ಏರಿದವರಲ್ಲಿಯೂ ಗುಟ್ಟಾಗಿ ಬೆಳೆಯಬಹುದು. ಬಿ-12ರ ಕೊರತೆ ನರಗಳಿಗೇ ಹಾನಿ ಮಾಡುತ್ತದೆ. ಮಧುಮೇಹವೂ ಮರಳಬಹುದು. ಸ್ವೀಡನ್ನಿನ ಅಧ್ಯಯನದಲ್ಲಿ, ಮೊದಲು ಮಧುಮೇಹವಿದ್ದವರ ಪೈಕಿ ಶೇಕಡ 72 ಮಂದಿ ಶಸ್ತ್ರಕ್ರಿಯೆಯಾದ ಎರಡನೆಯ ವರ್ಷದಲ್ಲಿ ಅದರಿಂದ ಮುಕ್ತರಾಗಿದ್ದರು; ಹದಿನೈದನೆಯ ವರ್ಷದಲ್ಲಿ ಹಾಗೆ ಉಳಿದವರು ಶೇಕಡ 30. ನಾಚಿಕೆಯಿಂದ ಪರೀಕ್ಷೆಯನ್ನು ಬಿಟ್ಟವರಿಗೆ ಇದು ತಿಳಿಯುವುದೇ ಇಲ್ಲ.

ಊಟದಲ್ಲಿ ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಪ್ರೋಟೀನು ಇರಬೇಕೆನ್ನುತ್ತಾರೆ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ. ನಮ್ಮ ಬಯಲುಸೀಮೆಯ ಹುರುಳಿ, ಅವರೆ, ಕಡಲೆಗಳು ಇದಕ್ಕೆ ತಕ್ಕವು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಶಸ್ತ್ರಕ್ರಿಯೆಯಾದವರಿಗೆ ಆ ರೂಢಿ ಸಲ್ಲದು. ಯಾವುದನ್ನೇ ಆಗಲಿ ಸಣ್ಣ ತುತ್ತು ಮಾಡಿ, ಚೆನ್ನಾಗಿ ಅಗಿದು, ನಿಧಾನವಾಗಿ ತಿನ್ನಬೇಕು. ನಡಿಗೆಯ ಜೊತೆಗೆ ಸ್ನಾಯುಗಳಿಗೆ ಬಲಕೊಡುವ ವ್ಯಾಯಾಮವೂ ಬೇಕು; ತೂಬು ತೀರ ಬಿಗಿಯಾಗದಂತೆ ತಡೆಯುವುದು ಸ್ನಾಯುಗಳೇ.

ಇವು ಸಾಲದಾದಾಗ ಔಷಧಗಳುಂಟು. ಜಿ.ಎಲ್.ಪಿ.-1ನ್ನು ಅನುಕರಿಸುವ ಲಿರಗ್ಲುಟೈಡ್ ಎಂಬ ಮದ್ದು, ಶಸ್ತ್ರಕ್ರಿಯೆಯಿಂದ ಸಾಕಷ್ಟು ಫಲ ಕಾಣದವರ ತೂಕವನ್ನು ಇಳಿಸಿತೆಂದು 2023ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ತೂಕ ಇಳಿಸುವ ಸೆಮಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದವು. ಆದರೆ ಸೆಮಗ್ಲುಟೈಡನ್ನು ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂಬುದನ್ನೂ ಮರೆಯಲಾಗದು. ನೀರಗಂಟಿ ಔಷಧದ ಮಾತನ್ನೂ ಅದು ಇರುವ ತನಕ ಮಾತ್ರ ಕೇಳುತ್ತಾನೆ! ಜಠರವೇ ಹಿಗ್ಗಿದ್ದರೆ ಎರಡನೆಯ ಶಸ್ತ್ರಕ್ರಿಯೆಯೂ ಸಾಧ್ಯ. ಮೊದಲನೆಯದಕ್ಕಿಂತ ಅದರಲ್ಲಿ ಅಪಾಯ ಹೆಚ್ಚಾದುದರಿಂದ ವೈದ್ಯರು ಅದನ್ನು ಅಳೆದು ತೂಗಿ ನಿಶ್ಚಯಿಸುತ್ತಾರೆ.

ತೂಕವೊಂದೇ ಅಳತೆಯಲ್ಲ

ಸ್ವೀಡನ್ನಿನ ಅಧ್ಯಯನದಲ್ಲಿ ತೂಕ ಒಂದಿಷ್ಟು ಮರಳಿ ಬಂದಿದ್ದರೂ, ಶಸ್ತ್ರಕ್ರಿಯೆಯಾದವರ ಗುಂಪಿನಲ್ಲಿ ಮರಣದ ಸಂಭವ ಇನ್ನೊಂದು ಗುಂಪಿಗಿಂತ ಸುಮಾರು ಶೇಕಡ 29ರಷ್ಟು ಕಡಿಮೆಯಾಗಿತ್ತು. ಹಾಗಾದರೆ ಶಸ್ತ್ರಕ್ರಿಯೆ ವ್ಯರ್ಥವಾಯಿತೆನ್ನುವುದು ಹೇಗೆ?

ರಕ್ತದ ಒತ್ತಡ ಮತ್ತೆ ಏರಿದವರನ್ನು ನಾವು ಹಳಿಯುವುದಿಲ್ಲ. ಔಷಧವನ್ನು ಬದಲಿಸಬೇಕೆಂದು ವೈದ್ಯರಲ್ಲಿಗೆ ಕರೆದೊಯ್ಯುತ್ತೇವೆ. ಸ್ಥೌಲ್ಯವೂ ಹಾಗೆಯೇ ದೀರ್ಘಕಾಲದ ರೋಗ. ಶಸ್ತ್ರಕ್ರಿಯೆ ಅದರ ಚಿಕಿತ್ಸೆಯ ಒಂದು ಘಟ್ಟ, ಕೊನೆಯಲ್ಲ. ಈ ಪುಟಗಳನ್ನು ಓದುವ ವಿದ್ಯಾರ್ಥಿಗಳ ಮನೆಗಳಲ್ಲಿ ಅಥವಾ ನೆರೆಹೊರೆಯಲ್ಲಿ ಇಂಥ ಚಿಕಿತ್ಸೆ ಪಡೆದ ಹಿರಿಯರು ಇರಬಹುದು. ಅವರ ತಟ್ಟೆಯನ್ನು ಎಣಿಸುವುದಕ್ಕಿಂತ, ಈ ವರ್ಷದ ರಕ್ತಪರೀಕ್ಷೆ ಆಯಿತೇ ಎಂದು ಕೇಳಿ, ಆಗದಿದ್ದರೆ ಜೊತೆಯಲ್ಲಿ ಹೋಗಿ ಬರುವುದು ಹೆಚ್ಚಿನ ಉಪಕಾರ.