ಮಲ್ಟಿಟ್ರ್ಯಾಕ್ ಧ್ವನಿಮುದ್ರಣದ ಸ್ಥಳಾಂತರ: ಕೀಬೋರ್ಡ್ ವರ್ಕ್‌ಸ್ಟೇಷನ್ನಿನಿಂದ ಟ್ಯಾಬ್ಲೆಟ್ಟಿಗೆ

ಇತಿಹಾಸದ ಆಕರಗಳೆಂದೊಡನೆ ಶಾಸನ, ಓಲೆಗರಿ, ಕಡತ, ನಾಣ್ಯ ಇವು ನಮ್ಮ ನೆನಪಿಗೆ ಬರುತ್ತವೆ. ಈಚಿನ ದಶಕಗಳಲ್ಲಿ ಧ್ವನಿಮುದ್ರಣವೂ ಈ ಸಾಲಿಗೆ ಸೇರಿದೆ. ಹಾಡಿನ ಮೇಳಗಳನ್ನು ನಡೆಸಿದವರ ಮನೆಗಳಲ್ಲಿ ಇಂಥ ಮುದ್ರಣಗಳು ಕೀಬೋರ್ಡ್ ವರ್ಕ್‌ಸ್ಟೇಷನ್ ಎಂಬ ವಾದ್ಯಯಂತ್ರದೊಳಗೆಯೇ ಉಳಿದಿರುವುದುಂಟು. ಅಂಥ ಒಂದು ಸಂಗ್ರಹವನ್ನು ಟ್ಯಾಬ್ಲೆಟ್ಟಿಗೆ ಸಾಗಿಸುವ ಕಾರ್ಯವನ್ನು ನಮ್ಮ ವಿಭಾಗದಲ್ಲಿ ಕೈಗೊಂಡೆವು. ಆ ಕಾರ್ಯದಲ್ಲಿ ನಾವು ಮಾಡಿದ ಒಂದು ತಪ್ಪು ಸಿದ್ಧಾಂತದ ವೇಷ ತೊಟ್ಟು ಇದೇ ಸಂಚಿಕೆಯಲ್ಲಿ ಅಚ್ಚಾಗುವುದರಲ್ಲಿತ್ತು. ಕಾರ್ಯದ ಕ್ರಮವನ್ನೂ ತಪ್ಪಿನ ಕಾರಣವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೧. ಯಂತ್ರದ ಸ್ವರೂಪ

ಹಲವು ಧ್ವನಿಗಳನ್ನು ಬೆರೆಸಿಬಿಡದೆ, ಒಂದೊಂದನ್ನೂ ಅದರದರ ಪಥದಲ್ಲಿ ಬೇರೆಯಾಗಿ ಮುದ್ರಿಸಿ, ಎಲ್ಲವನ್ನೂ ಏಕಕಾಲದಲ್ಲಿ ಕೇಳಿಸುವ ಪದ್ಧತಿಗೆ ಮಲ್ಟಿಟ್ರ್ಯಾಕ್ ಧ್ವನಿಮುದ್ರಣವೆಂದು ಹೆಸರು. ಆ ಒಂದೊಂದು ಪಥವೇ ಟ್ರ್ಯಾಕ್. ಅಮೆರಿಕದ ಆಂಪೆಕ್ಸ್ ಸಂಸ್ಥೆಯು ೧೯೫೭ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಎಂಟು ಟ್ರ್ಯಾಕುಗಳ ಟೇಪ್ ಯಂತ್ರವನ್ನು ಒದಗಿಸಿತು. ಆಗ ಒಂದು ಕೋಣೆಯ ಮೂಲೆಯನ್ನು ತುಂಬುತ್ತಿದ್ದ ಸಲಕರಣೆ ಕ್ರಮೇಣ ಕುಗ್ಗುತ್ತ ಬಂದು ವಾದ್ಯದೊಳಗೆಯೇ ಅಡಗಿತು.

ವರ್ಕ್‌ಸ್ಟೇಷನ್ ಎಂಬುದು ನೋಡುವುದಕ್ಕೆ ಸಾಮಾನ್ಯ ಕೀಬೋರ್ಡಿನಂತೆಯೇ ಇದ್ದರೂ, ನಾದವನ್ನು ಹುಟ್ಟಿಸುವ, ನುಡಿಸಿದುದನ್ನು ಸ್ಮರಣೆಯಲ್ಲಿಟ್ಟುಕೊಳ್ಳುವ, ತಿದ್ದುವ, ಬೆರೆಸುವ ಸಾಧನಗಳನ್ನೆಲ್ಲ ಒಂದೆಡೆ ಸೇರಿಸಿಕೊಂಡಿರುತ್ತದೆ. ಜಪಾನಿನ ಕಾರ್ಗ್ ಸಂಸ್ಥೆಯ ಎಂ-೧ (೧೯೮೮) ಈ ಜಾತಿಯ ಯಂತ್ರಗಳನ್ನು ಪ್ರಸಿದ್ಧಿಗೆ ತಂದಿತು. ಅದು ಸ್ಮರಣೆಯಲ್ಲಿಟ್ಟುಕೊಳ್ಳುತ್ತಿದ್ದುದು ಮಿಡಿ ಸಂಕೇತಗಳನ್ನು ಮಾತ್ರ. ೧೯೮೩ರಲ್ಲಿ ಬಳಕೆಗೆ ಬಂದ ಮಿಡಿ ಎಂಬುದು ನಾದವಲ್ಲ. ಯಾವ ಮನೆಯನ್ನು ಯಾವ ಗಳಿಗೆಯಲ್ಲಿ, ಎಷ್ಟು ಬಲದಿಂದ ಒತ್ತಿ, ಯಾವಾಗ ಬಿಡಲಾಯಿತು ಎಂಬುದರ ಬರಹ. ಸ್ವರಲಿಪಿಗೂ ಹಾಡಿಕೆಗೂ ಇರುವ ಅಂತರವೇ ಮಿಡಿಗೂ ಧ್ವನಿಗೂ ಇದೆ. ಮುಂದೆ ಬಂದ ಯಂತ್ರಗಳು ಕಂಠಧ್ವನಿಯನ್ನೂ ಮುದ್ರಿಸತೊಡಗಿದವು. ೨೦೧೧ರ ಕಾರ್ಗ್ ಕ್ರೋನಾಸ್‌ನಲ್ಲಿ ಮಿಡಿಗೆ ೧೬, ಧ್ವನಿಗೆ ೧೬ ಟ್ರ್ಯಾಕುಗಳಿದ್ದವು.

ಹೀಗೆ ಯಂತ್ರದಲ್ಲಿ ಒಂದು ಹಾಡು ಇದೆಯೆಂದರೆ ಅಲ್ಲಿ ಮೂರು ಬೇರೆ ವಸ್ತುಗಳಿವೆ ಎಂದು ತಿಳಿಯಬೇಕು. ಒಂದನೆಯದು ಧ್ವನಿ, ಎರಡನೆಯದು ಮಿಡಿ, ಮೂರನೆಯದು, ಯಾವ ತುಣುಕು ಯಾವ ಕ್ಷಣದಲ್ಲಿ ಆರಂಭವಾಗಬೇಕು, ಯಾವುದು ಎಷ್ಟು ಗಟ್ಟಿಯಾಗಿ ಕೇಳಿಸಬೇಕು ಎಂಬ ವ್ಯವಸ್ಥೆ. ಈ ಮೂರನೆಯದು ಕಣ್ಣಿಗೆ ಬೀಳುವುದಿಲ್ಲ. ನಾವು ಎಡವಿದ್ದು ಅಲ್ಲಿಯೇ.

೨. ನಮಗೆ ದೊರೆತ ಸಂಗ್ರಹ

ರಸಮಂಜರಿ ಮೇಳವೊಂದರಲ್ಲಿ ಬಹುಕಾಲ ಕೀಬೋರ್ಡ್ ನುಡಿಸಿ ಈಗ ವಿಶ್ರಾಂತರಾಗಿರುವ ಕಲಾವಿದರೊಬ್ಬರು ತಮ್ಮ ತಾಯಿಯೂ ಚಿಕ್ಕಮ್ಮನೂ ಹಾಡಿದ ಒಂಬತ್ತು ಸೋಬಾನೆ ಪದಗಳನ್ನು ತಮ್ಮ ವರ್ಕ್‌ಸ್ಟೇಷನ್ನಿನಲ್ಲಿ ಮುದ್ರಿಸಿಟ್ಟಿದ್ದರು. ತಾಯಿ ಈಗಿಲ್ಲ. ಯಂತ್ರದ ಪರದೆ ಮಸುಕಾಗುತ್ತ ಬಂದಿತ್ತು. ಮದುವೆಯೊಂದಕ್ಕಾಗಿ ಅವರೇ ಹಿಂದೆ ಸಿದ್ಧಪಡಿಸಿದ್ದ ಒಂದು ಸಿ.ಡಿ. ಇತ್ತಾದರೂ ಅದರಲ್ಲಿ ತಾಳವಾದ್ಯದ ಅಬ್ಬರ ಹೆಚ್ಚಾಗಿ ಪದಗಳ ಸಾಹಿತ್ಯ ಅಸ್ಪಷ್ಟವಾಗಿತ್ತು. ಒಮ್ಮೆ ಬೆರೆತ ಧ್ವನಿಗಳನ್ನು ಮರಳಿ ಶುದ್ಧವಾಗಿ ಬೇರ್ಪಡಿಸುವುದು ಕಷ್ಟ. ಆದುದರಿಂದ ತಾಯಿಯ ಕಂಠವೊಂದನ್ನೇ ಕೇಳಬೇಕಾದರೆ ಟ್ರ್ಯಾಕುಗಳನ್ನು ಬೇರೆಬೇರೆಯಾಗಿಯೇ ಹೊರತರಬೇಕಾಗಿತ್ತು. ಹಳ್ಳಿಗೆ ಕೊಂಡೊಯ್ದು, ಬೇಕಾದ ಕಂಠವನ್ನಷ್ಟೇ ಕೇಳಿಸಿ, ಹಿರಿಯರಿಂದ ಪದಗಳ ಅರ್ಥವನ್ನು ಬರೆದುಕೊಳ್ಳಲು ಅನುಕೂಲವೆಂದು ಟ್ಯಾಬ್ಲೆಟ್ಟನ್ನು ಆರಿಸಿಕೊಂಡೆವು.

೩. ಮೂರು ಮಾರ್ಗಗಳು

ಸ್ಥಳಾಂತರಕ್ಕೆ ಮೂರು ಮಾರ್ಗಗಳಿವೆ. ಮೊದಲನೆಯದು, ಯಂತ್ರದ ಎಡ ಬಲ ಹೊರದಾರಿಗಳಿಂದ ಬರುವ ಬೆರಕೆಯ ಧ್ವನಿಯನ್ನು ತಂತಿಯ ಮೂಲಕ ಮುದ್ರಿಸಿಕೊಳ್ಳುವುದು. ಇದು ಸುಲಭ, ಆದರೆ ಟ್ರ್ಯಾಕುಗಳ ಪ್ರತ್ಯೇಕತೆ ಇದರಲ್ಲಿ ನಾಶವಾಗುತ್ತದೆ.

ಎರಡನೆಯದು, ಇತರ ಟ್ರ್ಯಾಕುಗಳನ್ನು ಮೌನಗೊಳಿಸಿ, ಒಂದೊಂದನ್ನಾಗಿ ನುಡಿಸಿ ಮುದ್ರಿಸಿಕೊಳ್ಳುವುದು. ಇದಕ್ಕೆ ಹಾಡಿನಷ್ಟೇ ಕಾಲ ಪ್ರತಿ ಟ್ರ್ಯಾಕಿಗೂ ಬೇಕು. ಐದು ನಿಮಿಷದ ಹಾಡಿನ ೧೬ ಟ್ರ್ಯಾಕುಗಳನ್ನು ಎರಡೆರಡಾಗಿ ತೆಗೆದರೂ ೪೦ ನಿಮಿಷ. ಪ್ರತಿ ಸಲವೂ ಆರಂಭದ ಕ್ಷಣ ತುಸು ಹಿಂದುಮುಂದಾಗುತ್ತದೆ. ಇದಲ್ಲದೆ ಎರಡು ಯಂತ್ರಗಳ ಒಳಗಡಿಯಾರಗಳು ಪೂರ್ಣವಾಗಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷದಲ್ಲಿ ೨೦ ಭಾಗದಷ್ಟು ವ್ಯತ್ಯಾಸವಿದ್ದರೆ ಐದು ನಿಮಿಷಕ್ಕೆ ೬ ಮಿಲಿಸೆಕೆಂಡು ಜಾರುತ್ತದೆ. ಒಂದು ಹಾಡಿಗೆ ಇದು ಬಾಧಕವಲ್ಲ. ಒಂದು ಗಂಟೆಯ ಮುದ್ರಣದಲ್ಲಿ ೭೨ ಮಿಲಿಸೆಕೆಂಡಾದಾಗ ಕಿವಿಗೆ ತಿಳಿಯುತ್ತದೆ.

ಮೂರನೆಯದು, ಧ್ವನಿಯ ಫೈಲುಗಳನ್ನೇ ಪೆನ್‌ಡ್ರೈವಿಗೆ ನಕಲು ಮಾಡಿ ಟ್ಯಾಬ್ಲೆಟ್ಟಿಗೆ ಸೇರಿಸುವುದು. ಇದರಲ್ಲಿ ಧ್ವನಿ ಒಂದಿಷ್ಟೂ ಕೆಡುವುದಿಲ್ಲ, ಕಾಲವೂ ಉಳಿಯುತ್ತದೆ. ೨೦೧೦ರಲ್ಲಿ ಬಂದ ಐಪ್ಯಾಡಿನಲ್ಲಿ ಮೊದಮೊದಲು ಇದು ನೇರವಾಗಿ ಸಾಧ್ಯವಿರಲಿಲ್ಲ. ೨೦೧೭ರಲ್ಲಿ ಫೈಲ್ಸ್ ಎಂಬ ತಂತ್ರಾಂಶವೂ, ೨೦೧೯ರಲ್ಲಿ ಹೊರಗಿನ ಡ್ರೈವುಗಳನ್ನು ಓದುವ ಸೌಕರ್ಯವೂ ಬಂದ ಮೇಲೆ ನಡುವೆ ಕಂಪ್ಯೂಟರಿನ ಅಗತ್ಯ ತಪ್ಪಿತು. ನಾವು ಈ ಮಾರ್ಗವನ್ನೇ ಹಿಡಿದೆವು.

೪. ತಪ್ಪಿದ ಆವರ್ತ

ಫೈಲುಗಳನ್ನು ಟ್ಯಾಬ್ಲೆಟ್ಟಿನಲ್ಲಿ ಟ್ರ್ಯಾಕಿಗೊಂದರಂತೆ ಹಾಡಿನ ಆರಂಭಕ್ಕೆ ಕೂಡಿಸಿ ಕೇಳಿದೆವು. ಐದು ಪದಗಳಲ್ಲಿ ತಾಯಿ ಒಂದು ಸಾಲನ್ನು ಮುಗಿಸಿದ ಮೇಲೆ ಚಿಕ್ಕಮ್ಮ ಅದನ್ನು ಮರಳಿ ಹಾಡುತ್ತಿದ್ದರು. ಉಳಿದ ನಾಲ್ಕು ಪದಗಳಲ್ಲಾದರೋ ಮೊದಲ ಕಂಠ ಸಾಲನ್ನು ಮುಗಿಸುವ ಮೊದಲೇ ಎರಡನೆಯ ಕಂಠ ಪ್ರವೇಶಿಸುತ್ತಿತ್ತು. ತಾಳವೆಲ್ಲಿಯೂ ಕೆಟ್ಟಿರಲಿಲ್ಲ. ಇದನ್ನು ಕೇಳಿ ನಾವು ಹಿಗ್ಗಿದೆವು. ಈ ನಾಲ್ಕು ಪದಗಳು ಹಾಡುಗಾರಿಕೆಯ ಒಂದು ಪ್ರಾಚೀನತರ ಕ್ರಮವನ್ನು ಸೂಚಿಸುತ್ತವೆಂದು ಊಹಿಸಿ ಟಿಪ್ಪಣಿಯನ್ನು ಬರೆದೂ ಆಯಿತು.

ಅದನ್ನು ಅಚ್ಚಿಗೆ ಕೊಡುವ ಮುನ್ನ ಟ್ಯಾಬ್ಲೆಟ್ಟನ್ನು ಕಲಾವಿದರ ಮನೆಗೆ ಕೊಂಡೊಯ್ದೆವು. ತಾಯಿಯ ದನಿ ಕೇಳಿ ಅವರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಿದ್ದರು. ಅನಂತರ, "ನಮ್ಮವ್ವ ಸಾಲು ಮುಗ್ಸೋವರ್ಗೂ ಚಿಕ್ಕವ್ವ ಬಾಯಿ ಬಿಡ್ತಿರ್ಲಿಲ್ಲ ಸಾರ್. ಇದ್ರಲ್ಲಿ ಯಾಕೋ ಮುಂದಾಗೇ ಹಾಡ್ತಾವ್ಳೆ" ಎಂದರು.

ಕಾರಣವನ್ನು ಹುಡುಕಿದಾಗ ತಿಳಿದದ್ದಿಷ್ಟು. ಆ ನಾಲ್ಕು ಪದಗಳಲ್ಲಿ ಚಿಕ್ಕಮ್ಮನ ಕಂಠವನ್ನು ಮರುದಿನ ಮತ್ತೆ ಮುದ್ರಿಸಲಾಗಿತ್ತು. ಆಗ ಯಂತ್ರವನ್ನು ಎರಡನೆಯ ಆವರ್ತದಿಂದ ನಡೆಸಿದ್ದರು. ಫೈಲು ಹುಟ್ಟಿದ್ದೇ ಎರಡನೆಯ ಆವರ್ತದಲ್ಲಿ. ಅದು ಎಲ್ಲಿ ಕೂಡಬೇಕೆಂಬುದನ್ನು ಯಂತ್ರವು ಹಾಡಿನ ವ್ಯವಸ್ಥೆಯ ಫೈಲಿನಲ್ಲಿ ಬರೆದಿಟ್ಟಿತ್ತೇ ಹೊರತು ಧ್ವನಿಯ ಫೈಲಿನಲ್ಲಿ ಅಲ್ಲ. ನಾವು ಧ್ವನಿಯನ್ನು ತಂದೆವು, ಸ್ಥಾನವನ್ನು ಅಲ್ಲಿಯೇ ಬಿಟ್ಟೆವು. ನಿಮಿಷಕ್ಕೆ ೮೦ ಏಟಿನ ಲಯದಲ್ಲಿ ನಾಲ್ಕು ಏಟಿನ ಒಂದು ಆವರ್ತಕ್ಕೆ ೩ ಸೆಕೆಂಡು. ಇಡೀ ಕಂಠವು ೩ ಸೆಕೆಂಡು ಮುಂದಕ್ಕೆ ಸರಿದಿತ್ತು. ಸರಿದದ್ದು ಪೂರ್ಣ ಆವರ್ತವಾದುದರಿಂದಲೇ ತಾಳ ಕೆಡದೆ ನಮ್ಮನ್ನು ವಂಚಿಸಿತು.

ಓಲೆಗರಿಯ ಕಟ್ಟಿನ ದಾರ ಹರಿದರೆ ಗರಿಗಳಿಗೇನೂ ನಷ್ಟವಿಲ್ಲ, ಕ್ರಮ ಮಾತ್ರ ಹೋಗುತ್ತದೆ. ಲಿಪಿಕಾರನು ಗರಿಯ ಅಂಚಿನಲ್ಲಿ ಸಂಖ್ಯೆಯನ್ನು ಬರೆದಿದ್ದರೆ ಕ್ರಮವನ್ನು ಮರಳಿ ಕಟ್ಟಬಹುದು. ಸಾಮಾನ್ಯ ವೇವ್ ಫೈಲು ಸಂಖ್ಯೆಯಿಲ್ಲದ ಗರಿ. ಈ ಕೊರತೆಯನ್ನು ನೀಗಲೆಂದೇ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ೧೯೯೭ರಲ್ಲಿ ಬ್ರಾಡ್‌ಕಾಸ್ಟ್ ವೇವ್ ಎಂಬ ಮಾದರಿಯನ್ನು ಗೊತ್ತುಮಾಡಿತು. ಅದರಲ್ಲಿ ಆರಂಭದ ಕಾಲವೂ ನಮೂದಾಗಿರುತ್ತದೆ. ಆದರೆ ಬರೆಯುವ ಯಂತ್ರವೂ ಓದುವ ತಂತ್ರಾಂಶವೂ ಎರಡೂ ಅದನ್ನು ಮನ್ನಿಸಿದರೆ ಮಾತ್ರ ಪ್ರಯೋಜನ.

ನಮಗೆ ಸಂದೇಹ ಬರಬೇಕಾಗಿತ್ತು. ಆ ನಾಲ್ಕು ಪದಗಳ ಪ್ರತಿ ಸಾಲಿನಲ್ಲಿಯೂ ಅತಿಕ್ರಮಣದ ಪ್ರಮಾಣ ಒಂದೇ ಆಗಿತ್ತು. ಮನುಷ್ಯರು ಹಾಡುವಾಗ ಇಂಥ ಏಕರೂಪತೆ ಇರುವುದಿಲ್ಲ. ಹಸ್ತಪ್ರತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿಯ ವಿಲಕ್ಷಣತೆ ಕಂಡಾಗ ಅದು ಕವಿಯದೋ ಲಿಪಿಕಾರನದೋ ಎಂದು ಕೇಳುವ ನಾವು, ಇಲ್ಲಿ ನಾವೇ ಲಿಪಿಕಾರರೆಂಬುದನ್ನು ಮರೆತೆವು.

೫. ಅನುಸರಿಸಬೇಕಾದ ಕ್ರಮ

ಈ ಅನುಭವದ ಮೇಲೆ ಕೆಳಗಿನ ಕ್ರಮವನ್ನು ಗೊತ್ತುಮಾಡಿಕೊಂಡೆವು. ಮೊದಲು, ಯಂತ್ರದಲ್ಲಿ ಏನನ್ನೂ ಬದಲಿಸದೆ, ಹಾಡಿನ ವ್ಯವಸ್ಥೆಯ ಫೈಲನ್ನೂ ಸೇರಿಸಿ, ಇರುವುದನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಡಬೇಕು. ಅನಂತರ ಯಂತ್ರದಲ್ಲಿಯೇ ಪ್ರತಿ ಟ್ರ್ಯಾಕಿನ ತುಣುಕುಗಳನ್ನು ಮೊದಲ ಆವರ್ತದಿಂದ ಕೊನೆಯವರೆಗೆ ಒಂದೇ ಫೈಲಾಗಿ ಬೆಸೆಯಬೇಕು. ಧ್ವನಿಯಿಲ್ಲದ ಕಡೆ ಮೌನವೇ ತುಂಬಿಕೊಳ್ಳುತ್ತದೆ. ಆಗ ಎಲ್ಲ ಫೈಲುಗಳ ಉದ್ದವೂ ಒಂದೇ ಆಗುವುದರಿಂದ, ಆರಂಭಕ್ಕೆ ಕೂಡಿಸಿದರೆ ತಪ್ಪುವ ಸಂಭವವಿಲ್ಲ. ಯಂತ್ರದಲ್ಲಿ ಈ ಸೌಕರ್ಯವಿಲ್ಲದಿದ್ದರೆ ಎರಡನೆಯ ಮಾರ್ಗವನ್ನು ಹಿಡಿದು, ಪ್ರತಿ ಟ್ರ್ಯಾಕಿನ ಮೊದಲಿಗೂ ಒಂದು ತಾಳದ ಏಟನ್ನು ಮುದ್ರಿಸಿಕೊಂಡು, ಆ ಏಟುಗಳನ್ನು ಒಂದಕ್ಕೊಂದು ಹೊಂದಿಸಬೇಕು.

ಮಿಡಿ ಟ್ರ್ಯಾಕುಗಳ ವಿಷಯದಲ್ಲಿ ಎರಡು ಪ್ರತಿ ಅವಶ್ಯ. ೧೯೮೮ರಿಂದ ರೂಢಿಯಲ್ಲಿರುವ ಸ್ಟ್ಯಾಂಡರ್ಡ್ ಮಿಡಿ ಫೈಲಿನ ರೂಪದಲ್ಲಿ ಸಂಕೇತಗಳನ್ನು ತರಬಹುದು. ಆದರೆ ಟ್ಯಾಬ್ಲೆಟ್ಟು ಅವನ್ನು ತನ್ನ ನಾದದಿಂದ ನುಡಿಸುತ್ತದೆಯೇ ಹೊರತು ಮೂಲ ಯಂತ್ರದ ನಾದದಿಂದಲ್ಲ. ಆದುದರಿಂದ ಯಂತ್ರವು ಬದುಕಿರುವಾಗಲೇ ಆ ಭಾಗಗಳನ್ನು ಧ್ವನಿಯಾಗಿಯೂ ಮುದ್ರಿಸಿಕೊಳ್ಳಬೇಕು.

ಸ್ಥಳದ ಲೆಕ್ಕ ಹೀಗೆ: ಸೆಕೆಂಡಿಗೆ ೪೮,೦೦೦ ಮಾದರಿ, ಮಾದರಿಗೆ ೨೪ ಬಿಟ್, ಎಂದರೆ ೩ ಬೈಟ್, ಒಂದು ಟ್ರ್ಯಾಕಿಗೆ ನಿಮಿಷಕ್ಕೆ ೮.೬೪ ಮೆಗಾಬೈಟ್. ಐದು ನಿಮಿಷದ ೧೬ ಟ್ರ್ಯಾಕುಗಳಿಗೆ ಸುಮಾರು ೬೯೧ ಮೆಗಾಬೈಟ್. ಹಳೆಯ ಯಂತ್ರಗಳು ಒಪ್ಪುವ ಫ್ಯಾಟ್-೩೨ ಮಾದರಿಯ ಡ್ರೈವಿನಲ್ಲಿ ಒಂದು ಫೈಲು ೪ ಗಿಗಾಬೈಟ್ ಮೀರುವಂತಿಲ್ಲ. ಒಂಟಿ ಟ್ರ್ಯಾಕು ಅಷ್ಟಾಗಬೇಕಾದರೆ ಎಂಟು ಗಂಟೆಗೂ ಹೆಚ್ಚು ಕಾಲ ಹಾಡಬೇಕಾದುದರಿಂದ ಇದು ಅಡ್ಡಿಯಲ್ಲ.

ಕೊನೆಯದಾಗಿ ಮಾದರಿಯ ದರ. ಟ್ಯಾಬ್ಲೆಟ್ಟಿನ ತಂತ್ರಾಂಶದಲ್ಲಿ ಹೊಸ ಹಾಡನ್ನು ತೆರೆಯುವಾಗಲೇ ಮೂಲದ ದರವನ್ನೇ ಗೊತ್ತುಪಡಿಸಬೇಕು. ೪೮,೦೦೦ರ ಫೈಲನ್ನು ಪರಿವರ್ತಿಸದೆ ೪೪,೧೦೦ರ ವೇಗದಲ್ಲಿ ನುಡಿಸಿದರೆ ಐದು ನಿಮಿಷದ ಹಾಡು ೫ ನಿಮಿಷ ೨೬ ಸೆಕೆಂಡಿಗೆ ಹಿಗ್ಗುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಎಲ್ಲ ಟ್ರ್ಯಾಕುಗಳೂ ಒಟ್ಟಿಗೆ ಇಳಿಯುವುದರಿಂದ ಅಪಸ್ವರ ಕೇಳಿಸದು. ಹಾಡಿದವರ ಶ್ರುತಿಯೂ ಲಯವೂ ಮಾತ್ರ ಸುಳ್ಳಾಗಿ ದಾಖಲಾಗುತ್ತವೆ. ಇದನ್ನು ಪತ್ತೆಹಚ್ಚಲು ಯಂತ್ರದಲ್ಲಿ ತೋರುವ ಹಾಡಿನ ಅವಧಿಯನ್ನು ಟ್ಯಾಬ್ಲೆಟ್ಟಿನ ಅವಧಿಯೊಡನೆ ಹೋಲಿಸಿ ನೋಡಿದರೆ ಸಾಕು.

ಕಲಾವಿದರ ಹಳೆಯ ಸಿ.ಡಿ.ಯನ್ನು ನಾವು ನಿರುಪಯೋಗಿಯೆಂದು ಬದಿಗಿಟ್ಟಿದ್ದೆವು. ಅದರಲ್ಲಿ ಪದಗಳು ಅಸ್ಪಷ್ಟವಾಗಿದ್ದರೂ ಕಂಠಗಳ ಸ್ಥಾನ ಸರಿಯಾಗಿತ್ತು. ಮೊದಲೇ ಅದರೊಡನೆ ಹೋಲಿಸಿದ್ದರೆ ಟಿಪ್ಪಣಿಯನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಬೆರಕೆಯ ಪ್ರತಿಯೊಂದನ್ನು ಸಾಕ್ಷಿಯಾಗಿ ಯಾವಾಗಲೂ ಜೊತೆಯಲ್ಲಿಡಬೇಕೆಂಬುದು ಇದರಿಂದ ನಾವು ಕಲಿತ ಪಾಠ.

ಈಗ ಒಂಬತ್ತು ಪದಗಳೂ ಸರಿಯಾದ ಸ್ಥಾನದಲ್ಲಿ ಕೂಡಿವೆ. ಟ್ರ್ಯಾಕುಗಳ ಪಟ್ಟಿ, ಲಯ, ಮಾದರಿಯ ದರ, ಮುದ್ರಿಸಿದ ದಿನ ಇವನ್ನು ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ವಿಭಾಗದಲ್ಲಿಯೂ ಇನ್ನೊಂದನ್ನು ಕಲಾವಿದರ ಮನೆಯಲ್ಲಿಯೂ ಇಟ್ಟಿದ್ದೇವೆ. ತಮ್ಮ ಊರುಗಳಲ್ಲಿ ಇಂಥ ಯಂತ್ರಗಳಿದ್ದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಾರ್ಯವನ್ನು ಕೈಗೊಳ್ಳಬಹುದು. ಮುದ್ರಿಸಿದವರು ಇನ್ನೂ ಇದ್ದು, ಕೇಳಿ ತಪ್ಪನ್ನು ಹೇಳಬಲ್ಲ ಕಾಲದಲ್ಲಿಯೇ ಕೈಗೊಳ್ಳುವುದು ಒಳ್ಳೆಯದು.